ರೈಮೊನ ಏಳು ಕ್ಲಿಪ್ಪುಗಳು

ಅಕ್ಟೋಬರಿನ ಎರಡನೆಯ ವಾರ ರೈಮೊ ಕೆತ್ತುನೆನ್ ತನ್ನ ಶೆಡ್ಡಿನ ಎರಡೂ ಬಾಗಿಲು ತೆಗೆದಿಟ್ಟನೆಂದರೆ ನಮ್ಮ ಸಾಲುಮನೆಗಳಿಗೆ ಚಳಿಗಾಲ ಬಂದಂತೆ. ಹಿಮ ಆಮೇಲೆ ಬೀಳುತ್ತಿತ್ತು.

ಒಂಬತ್ತು ಮನೆ, ಏಳು ಕಾರು. ಮನೆಗೊಂದರಂತೆ ಕೊಟ್ಟಿರುವ ಸಾಮಾನಿನ ಗೂಡುಗಳಲ್ಲಿ ಹಿಮಜಾರು ಹಲಗೆ, ಹಣ್ಣು ಕೀಳುವ ಬಕೆಟ್ಟುಗಳೇ ತುಂಬಿರುತ್ತವೆ. ಟಯರಿಗೆ ಜಾಗವಿಲ್ಲ. ಹಾಗಾಗಿ ಎಲ್ಲರ ಟಯರುಗಳೂ ರೈಮೊನ ಶೆಡ್ಡಿನಲ್ಲಿ. ಬೇಸಿಗೆಯಲ್ಲಿ, ಹಿಮದಲ್ಲಿ ಜಾರದಂತೆ ಮೊಳೆ ಹೊಡೆದ ಚಳಿ ಟಯರುಗಳು, ಚಳಿಗಾಲದಲ್ಲಿ ಬೇಸಿಗೆಯವು. ಒಂದು ಕಾರಿನ ನಾಲ್ಕನ್ನು ರಿಮ್ಮಿನ ಸಮೇತ ಮಲಗಿಸಿ ಒಂದರ ಮೇಲೊಂದು ಪೇರಿಸುತ್ತಿದ್ದ. ಕೆಳಗೆ ಹಲಗೆ, ಮೇಲೆ ಹಳೆಯ ಹಾಸುಬಟ್ಟೆ. ಪೇರಿಸುವ ಮುಂಚೆ ತೊಳೆದು ಒರೆಸಿ, ಸಂದಿಯಲ್ಲಿ ಸಿಕ್ಕಿದ ಜಲ್ಲಿಕಲ್ಲುಗಳನ್ನು ಚಾಕುವಿನ ತುದಿಯಿಂದ ಒಂದೊಂದಾಗಿ ತೆಗೆಯುತ್ತಿದ್ದ, ಮಗುವಿನ ಉಗುರಿನ ಕೊಳೆ ತೆಗೆದ ಹಾಗೆ. ಒಳಬದಿಯಲ್ಲಿ ಸೀಮೆಸುಣ್ಣದಿಂದ 'ಮುಂದೆ ಎಡ', 'ಹಿಂದೆ ಬಲ' ಎಂದು ಬರೆಯುತ್ತಿದ್ದ. ಅಕ್ಷರ ದುಂಡಗೆ. ಆರೇ ವರ್ಷ ಶಾಲೆಗೆ ಹೋದವನಿಗೆ ಆ ಅಕ್ಷರಗಳ ಮೇಲೆ ತುಂಬ ಅಭಿಮಾನವಿತ್ತು.

ರೈಮೊ ಮೂವತ್ತೊಂದು ವರ್ಷ ಹಾಲಿನ ಲಾರಿ ಓಡಿಸಿದವನು. ನಮ್ಮೂರು ಕುಹ್ಮೊದಿಂದ ದೇಶದ ಗಡಿಯ ಕಡೆಗೆ ಹೋಗುವ ರಸ್ತೆಯ ಪ್ರತಿ ತಿರುವೂ ಅವನಿಗೆ ಗೊತ್ತು. ಮಾತು ಕಡಿಮೆ. ಕೈಗಳು ಅಗಲ. ನಾನು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿದವಳು, ಪಕ್ಕದ ಮನೆ, ನಲವತ್ತು ವರ್ಷದ ಪರಿಚಯ. ಆ ನಲವತ್ತು ವರ್ಷದಲ್ಲಿ ಅವನು ಒಂದೇ ಒಂದು ತಪ್ಪಿನ ಬಗ್ಗೆ ನನಗೆ ಹೇಳಿದ್ದ.

ಅದು ಎಪ್ಪತ್ತೊಂಬತ್ತನೆಯ ಇಸವಿಯದು. ಹೆಂಡತಿ ಹಿಲ್ಕಾಳ ತಮ್ಮ ಪೆಂಟ್ಟಿ ಟಯರು ಬದಲಾಯಿಸಿಕೊಳ್ಳಲು ಬಂದಿದ್ದ. ರೈಮೊ ಕೊನೆಯ ಚಕ್ರ ಕೂರಿಸಿ, ಬೋಲ್ಟುಗಳನ್ನು ಬೆರಳಿನಿಂದ ತಿರುಗಿಸಿ ನಿಲ್ಲಿಸಿದ. ಬಿಗಿ ಮಾಡುವುದೊಂದು ಬಾಕಿ. ಅಷ್ಟರಲ್ಲಿ ಒಳಗಿನಿಂದ ಹಿಲ್ಕಾ ಕಾಫಿಗೆ ಕರೆದಳು. ನಮ್ಮಲ್ಲಿ ಕಾಫಿಗೆ ಕರೆದ ಮೇಲೆ ಕೈಲಿದ್ದ ಕೆಲಸ ಕೈಲೇ ನಿಲ್ಲುತ್ತದೆ, ಯಾರೂ ಕಾಯಿಸುವುದಿಲ್ಲ. ಕುಡಿದರು, ಬನ್ನು ತಿಂದರು, ಪೆಂಟ್ಟಿ ಹೊರಟ. ಹನ್ನೊಂದು ಕಿಲೋಮೀಟರ್ ಆಚೆ, ಸೇತುವೆಯ ಮೇಲೆ ಹಿಂದಿನ ಎಡ ಚಕ್ರ ಕಳಚಿ, ಕಾರಿಗಿಂತ ಮುಂದೆ ಓಡಿ, ನದಿಗೆ ಬಿತ್ತು. ಕಾರು ಕಟ್ಟೆಗೆ ಹೊಡೆಯಿತು. ಪೆಂಟ್ಟಿ ಬದುಕಿದ, ಮೊಣಕಾಲು ಉಳಿಯಲಿಲ್ಲ. ಅವನು ಒಮ್ಮೆಯೂ ದೂರಲಿಲ್ಲ. ಪ್ರತಿ ಕ್ರಿಸ್‌ಮಸ್ಸಿಗೆ ಬಂದು, ಮಡಚಲಾಗದ ಕಾಲನ್ನು ಮೇಜಿನಡಿ ಉದ್ದಕ್ಕೆ ಚಾಚಿ, ನಗುನಗುತ್ತಾ ಊಟ ಮಾಡಿ ಹೋಗುತ್ತಿದ್ದ. ಆ ಕಾಲನ್ನು ದಾಟಿಕೊಂಡೇ ರೈಮೊ ಅವನಿಗೆ ಬಡಿಸಬೇಕಿತ್ತು.

ಕ್ಲಿಪ್ಪುಗಳು ಹುಟ್ಟಿದ್ದು ಆಗ. ಹಿಲ್ಕಾ ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳನ್ನು ತೆಗೆದು, ಕಾದ ಮೊಳೆಯಿಂದ ಒಂದೊಂದರ ಮೇಲೆ ಒಂದೊಂದು ಮನೆಯ ಹೆಸರು ಸುಟ್ಟು ಬರೆದಳು. ಶೆಡ್ಡಿನಲ್ಲಿ ಎರಡು ದಾರ ಕಟ್ಟಿದಳು, ಒಂದು ಕಿಟಕಿಯ ಹತ್ತಿರ, ಒಂದು ಬಾಗಿಲ ಹತ್ತಿರ. ಕೆಲಸ ಆಗಬೇಕಾದ ಕಾರಿನ ಕ್ಲಿಪ್ಪು ಕಿಟಕಿಯ ದಾರದಲ್ಲಿರುತ್ತದೆ. ಎಲ್ಲ ಬೋಲ್ಟೂ ಬಿಗಿಯಾದ ಮೇಲೆ ರೈಮೊ ಅದನ್ನು ಕಾರಿನೊಳಗಿನ ಕನ್ನಡಿಗೆ ಸಿಕ್ಕಿಸುತ್ತಾನೆ. ನೂರು ಕಿಲೋಮೀಟರ್ ಓಡಿದ ಮೇಲೆ ಕಾರಿನವರು ತಿರುಗಿ ಬರಬೇಕು. ಅವನು ಮತ್ತೊಮ್ಮೆ ಬಿಗಿ ನೋಡಿ, ಕ್ಲಿಪ್ಪನ್ನು ಬಾಗಿಲ ದಾರಕ್ಕೆ ಹಾಕುತ್ತಾನೆ. ಏಳೂ ಬಾಗಿಲಿಗೆ ಬಂದಾಗ ಶೆಡ್ಡು ಮುಚ್ಚುತ್ತದೆ. ಕ್ಲಿಪ್ಪು ಸಿಕ್ಕಿಸುವ ತನಕ ಕಾಫಿ ಇಲ್ಲ. ಇದು ಹಿಲ್ಕಾಳ ಕಾನೂನು. ಅವಳು ತೀರಿಕೊಂಡು ಆರು ವರ್ಷವಾದರೂ ಅದು ನಡೆಯುತ್ತಿತ್ತು.

ಆ ಕಾನೂನು ಮುರಿದವಳು ನಾನು.

ಕಳೆದ ಅಕ್ಟೋಬರಿನಲ್ಲಿ ಕೊನೆಯ ಕಾರು ಯೊನ್ನಾಳದು. ತುದಿಮನೆಯ ಹುಡುಗಿ, ಮನೆಮನೆಗೆ ಹೋಗಿ ಮುದುಕರಿಗೆ ಔಷಧಿ ಕೊಡುವ, ಗಾಯ ಕಟ್ಟುವ ನರ್ಸು. ದಿನಕ್ಕೆ ನೂರೈವತ್ತು ಕಿಲೋಮೀಟರ್ ಓಡುತ್ತಾಳೆ, ಅದರಲ್ಲಿ ಮುಕ್ಕಾಲು ಪಾಲು ಕಾಡು. ಸಂಜೆ ನನ್ನ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ರೈಮೊ ಮಂಡಿಯೂರಿದ್ದ, ಅವಳು ಟಾರ್ಚು ಹಿಡಿದಿದ್ದಳು. ಮಳೆಹನಿ ಬೀಳುತ್ತಿತ್ತು. ಎಪ್ಪತ್ತೊಂಬತ್ತು ವಯಸ್ಸಿನ ಮುದುಕ, ಒದ್ದೆ ನೆಲ. ಕನಿಕರ ಬಂತು. ಕಿಟಕಿ ತೆಗೆದು ಕೂಗಿದೆ.

"ರೈಮೊ, ಕಾಫಿ ಆಗಿದೆ! ಬಾರೋ, ತಣ್ಣಗಾಗುತ್ತೆ!"

"ಬಂದೇ ಐಲಾ," ಅಂದ.

ಬಂದ. ಎರಡು ಕಪ್ಪು ಕುಡಿದ. ಸ್ವಲ್ಪ ಹೊತ್ತಿನಲ್ಲೇ ಮೊದಲ ಹಿಮ ಶುರುವಾಯಿತು, ದಪ್ಪ, ಒದ್ದೆ ಹಿಮ. ಅವನು ಅದನ್ನು ನೋಡುತ್ತಾ ಕೂತ, ಆಮೇಲೆ ನೇರ ಮನೆಗೆ ಹೋದ.

ಬೆಳಗ್ಗೆ ಏಳಕ್ಕೆ ನನ್ನ ಬಾಗಿಲು ಬಡಿದ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಟೊಪ್ಪಿ ಇಲ್ಲ, ಒಂದು ಕೈಯಲ್ಲಿ ಉದ್ದನೆಯ ಸ್ಪ್ಯಾನರ್. ಬಿಗಿ ಸಾಕಾದಾಗ ಟಕ್ ಎನ್ನುವ ಅಳತೆಯ ಸ್ಪ್ಯಾನರ್ ಅದು. ಇನ್ನೊಂದು ಕೈ ಮುಷ್ಟಿಯಾಗಿತ್ತು.

"ಯೊನ್ನಾ ಹೋದಳಾ?"

"ಆರಕ್ಕೇ ಹೋದಳಲ್ಲ. ಯಾಕೆ?"

ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಯೊನ್ನಾಳ ಮನೆಯ ಕ್ಲಿಪ್ಪು.

"ಕಿಟಕಿ ದಾರದಲ್ಲೇ ಇತ್ತು."

ಕೇಳಬೇಕಾದ್ದನ್ನು ಕೇಳಿದೆ. "ಬಿಗಿ ಮಾಡಿದ್ದೆ ತಾನೆ?"

"ಗೊತ್ತಿಲ್ಲ ಐಲಾ. ಚಕ್ರ ಕೂರಿಸಿದ್ದು ನೆನಪಿದೆ. ನೀನು ಕರೆದದ್ದು ನೆನಪಿದೆ. ನಡುವಿಂದು ಇಲ್ಲ."

ಅವಳಿಗೆ ಫೋನು ಮಾಡಿದೆವು. ರಿಂಗಾಯಿತು, ಎತ್ತಲಿಲ್ಲ. ಕೆಲಸದಲ್ಲಿದ್ದಾಗ ಅವಳ ಫೋನು ಚೀಲದ ತಳದಲ್ಲಿರುತ್ತದೆ. ಮತ್ತೆ ಮಾಡಿದೆವು. ಅವಳ ಮೊದಲ ಮನೆ ಮೂವತ್ತೆಂಟು ಕಿಲೋಮೀಟರ್ ದೂರ, ನದಿ ದಾಟಿ ಹೋಗಬೇಕು. ಅದೇ ಸೇತುವೆ. ನಾನು ಕೋಟು ಹಾಕಿಕೊಂಡು ಕಾರಿನ ಕೀಲಿ ತೆಗೆದುಕೊಂಡೆ. ವಸಂತದಲ್ಲಿ ಕಣ್ಣಿನ ಡಾಕ್ಟರು ರೈಮೊನಿಗೆ ಗಾಡಿ ಓಡಿಸಬೇಡ ಎಂದಿದ್ದರು.

ನನ್ನ ಕಾರಿನ ಕನ್ನಡಿಯಲ್ಲಿ ನನ್ನ ಕ್ಲಿಪ್ಪು ತೂಗಾಡುತ್ತಿತ್ತು. ಅದನ್ನು ಅವನು ಒಮ್ಮೆ ನೋಡಿದ, ಆಮೇಲೆ ನೋಡಲಿಲ್ಲ.

ಊರು ದಾಟಿದ ಮೇಲೆ ರಸ್ತೆಯ ಮೇಲೆ ಒಂದೇ ಜೊತೆ ಚಕ್ರದ ಗೆರೆ, ಹೊಸ ಹಿಮದ ಮೇಲೆ.

"ನಿಲ್ಸು," ಅಂದ.

ದೀಪದ ಬೆಳಕಿನಲ್ಲಿ ಬಗ್ಗಿ ಆ ಗೆರೆ ನೋಡಿದ. ಮೊಳೆಗಳ ಚುಕ್ಕಿ, ಟಯರಿನ ಅಚ್ಚು. ಬೆರಳಿಂದ ಮುಟ್ಟಿ ನೋಡಿದ.

"ಅವಳದೇ. ನೇರ ಇದೆ. ಸಡಿಲ ಆದ ಚಕ್ರ ಅಲ್ಲಾಡುತ್ತೆ, ಗೆರೆ ಹಾವಿನ ಹಾಗಾಗುತ್ತೆ. ಇಲ್ಲಿ ತನಕ ನೇರ ಇದೆ."

"ಹಾಗಾದರೆ ಸರಿ ಇದೆ ಅಂತಲ್ಲವಾ?"

"ಇಲ್ಲಿ ತನಕ ಅಂದೆ."

ಮೂರು ಸಲ ಹಾಗೆ ನಿಲ್ಲಿಸಿದ. ಉಳಿದ ದಾರಿ ನಾನು ರಸ್ತೆ ನೋಡಿದೆ, ಅವನು ಚರಂಡಿ ನೋಡಿದ. ಸೇತುವೆ ಬಂದಾಗ ಗಾಡಿ ನಿಧಾನ ಮಾಡಿದೆ. ಕಟ್ಟೆಯ ಮೇಲೆ ಹಿಮ ಹಾಗೇ ಕೂತಿತ್ತು, ಯಾರೂ ಮುಟ್ಟಿರಲಿಲ್ಲ. ಗೆರೆ ನೇರವಾಗಿ ಆಚೆಗೆ ಹೋಗಿತ್ತು.

"ನಾನು ಕರೀಬಾರದಿತ್ತು," ಅಂದೆ.

"ಹಿಲ್ಕಾನೂ ಹಿಂಗೇ ಅಂತಿದ್ದಳು. ಸಾಯೋ ತನಕ ಅಂದಳು. ನೀನು ಶುರು ಮಾಡಬೇಡ."

ಕಾಡಿನ ನಡುವೆ ಒಂಟಿಮನೆ. ಅಂಗಳದಲ್ಲಿ ಯೊನ್ನಾಳ ಕೆಂಪು ಕಾರು, ನಾಲ್ಕೂ ಚಕ್ರದ ಮೇಲೆ. ನನ್ನ ಕಣ್ಣಲ್ಲಿ ನೀರು ಬಂತು. ರೈಮೊ ಆಗಲೇ ಇಳಿದು ಹಿಂದಿನ ಎಡ ಚಕ್ರದ ಮುಂದೆ ಮಂಡಿಯೂರಿದ್ದ. ಸ್ಪ್ಯಾನರ್ ಹಾಕಿ ಒತ್ತಿದ.

ಟಕ್.

ಚೂರೂ ತಿರುಗಲಿಲ್ಲ. ಮುಂದಿನದು. ಟಕ್. ಐದೂ ಆಯಿತು. ಎದ್ದು ಇನ್ನೊಂದು ಚಕ್ರಕ್ಕೆ ಹೋದ. ಹಿಮದಲ್ಲಿ ಅವನ ಮಂಡಿಯ ಗುಳಿಗಳು ಕಾರಿನ ಸುತ್ತ ಬಿದ್ದವು. ಇಪ್ಪತ್ತು ಬೋಲ್ಟು, ಇಪ್ಪತ್ತು ಟಕ್. ಒಂದೂ ಸಡಿಲವಿರಲಿಲ್ಲ.

ಆ ಸದ್ದಿಗೆ ಯೊನ್ನಾ ಹೊರಗೆ ಬಂದಳು, ಕೈಯಲ್ಲಿ ನೀಲಿ ಗವುಸು.

"ಏನಜ್ಜ, ನನ್ನ ಬಿಟ್ಟಿರೋಕಾಗದೆ ಬಂದುಬಿಟ್ಟೆಯಾ? ಒಳಗೆ ಇನ್ನೊಬ್ಬ ಮುದುಕ ಇದಾನೆ, ಹೊಟ್ಟೆಕಿಚ್ಚು ಪಟ್ಟಾನು!"

ರೈಮೊ ನಗಲಿಲ್ಲ. ಕ್ಲಿಪ್ಪು ತೋರಿಸಿದ. ಅವಳಿಗೆ ತಕ್ಷಣ ಅರ್ಥವಾಯಿತು.

"ಅಯ್ಯೋ ಅಜ್ಜ, ನಿನ್ನೆ ನೀನೇ ಬಿಗಿ ಮಾಡಿದೆಯಲ್ಲ! ನಾನು ಟಾರ್ಚು ಹಿಡಿದಿದ್ದೆ. ಒಂದು, ಎರಡು ಅಂತ ನೀನು ಜೋರಾಗಿ ಎಣಿಸಿದೆ. ಇಪ್ಪತ್ತು ಆದ ಮೇಲೇನೇ ಐಲಾ ಕೂಗಿದ್ದು. ಕ್ಲಿಪ್ಪೊಂದು ಮರೆತೆ, ಅಷ್ಟೇ ತಾನೆ."

"ನಾನು ಎಣಿಸಿದೆನಾ?"

"ಹೂಂ ಅಜ್ಜ."

"ಜೋರಾಗಿ?"

ಅವಳು ದಿನಾ ಮುದುಕರ ನಡುವೆ ಇರುವವಳು. ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗವುಸು ಕಳಚಿ, ಅವನ ಪ್ಯಾಂಟಿನ ಮಂಡಿಗೆ ಅಂಟಿದ ಹಿಮವನ್ನು ಕೈಯಿಂದ ಉದುರಿಸಿದಳು.

ವಾಪಸು ಬರುವಾಗ ನನಗೆ ಹಾಡಬೇಕೆನಿಸುವಷ್ಟು ಹಗುರವಾಗಿತ್ತು. ತಪ್ಪು ನನ್ನದಾಗಿರಲಿಲ್ಲ, ಅವನದೂ ಆಗಿರಲಿಲ್ಲ. ಹಾಗೆಂದು ಹೇಳಿಯೂ ಬಿಟ್ಟೆ.

ಸೇತುವೆ ದಾಟಿದ ಮೇಲೆ ರೈಮೊ ಹೇಳಿದ.

"ಸಡಿಲ ಇದ್ದಿದ್ದರೆ ತಪ್ಪು ಅನ್ನಬಹುದಿತ್ತು ಐಲಾ. ತಪ್ಪಿಗೆ ಒಂದು ಕ್ಲಿಪ್ಪು ಸಾಕು. ನಲವತ್ತು ವರ್ಷ ಸಾಕಾಯಿತು. ಇದಕ್ಕೆ ಏನು ಕಟ್ಟಲಿ? ಇಪ್ಪತ್ತು ಸಲ ಈ ಕೈ ಒತ್ತಿದೆ. ಒಂದರ ನೆನಪೂ ನನ್ನ ಹತ್ತಿರ ಇಲ್ಲ."

ಅಗಲವಾದ ಆ ಎರಡು ಕೈಗಳು ಅವನ ತೊಡೆಯ ಮೇಲೆ ಮಲಗಿದ್ದವು.

ಮಾರನೆಯ ವಾರ ಅವನು ಏಳು ಮನೆಗೂ ಹೋಗಿ ಒಂದೇ ಮಾತು ಹೇಳಿದ. ವಸಂತಕ್ಕೆ ನಿಮ್ಮ ಟಯರು ನೀವೇ ಹಾಕಿಕೊಳ್ಳಿ. ಜಾಗ ಇರುತ್ತದೆ, ಕೈ ಇರುವುದಿಲ್ಲ. ಕೆಲವರು ವಾದ ಮಾಡಿದರು. ಅವನು ಮಾತು ಮುಗಿಯುವ ತನಕ ನಿಂತು ಕೇಳಿ, ಟೊಪ್ಪಿ ಮುಟ್ಟಿ, ಮುಂದಿನ ಮನೆಗೆ ಹೋದ. ಆ ಚಳಿಗಾಲ ಶೆಡ್ಡಿನ ಕಡೆಗೇ ಸುಳಿಯಲಿಲ್ಲ. ಬಾಗಿಲಿಗೆ ಹಿಮ ಒತ್ತಿ ಸೊಂಟದ ತನಕ ಏರಿತು, ಯಾರೂ ಗೋರಲಿಲ್ಲ. ಯಾವಾಗ ನೋಡಿದರೂ ಅವನು ಅಡುಗೆಮನೆಯ ಮೇಜಿನ ಮುಂದೆ ಕೂತಿರುತ್ತಿದ್ದ, ರೇಡಿಯೋ ಹಾಕದೆ. ನನಗೆ ಚಕ್ರದ ಚಿಂತೆ ಹೋಗಿ ಈ ಚಿಂತೆ ಹತ್ತಿತು.

ಏಪ್ರಿಲ್ ಕೊನೆಯಲ್ಲಿ ರಸ್ತೆ ಒಣಗಿತು. ಒಂದು ಶನಿವಾರ ಯೊನ್ನಾ ಅವನ ಬಾಗಿಲು ತಟ್ಟಿದಳು.

"ಅಜ್ಜ, ಬೇಸಿಗೆ ಟಯರು ಹಾಕ್ತಾ ಇದೀನಿ. ಬಾ."

"ನಾನು ಮಾಡಲ್ಲ ಅಂದಿದ್ದೆನಲ್ಲ."

"ನೀನು ಮಾಡು ಅಂತ ಯಾರಂದ್ರು? ಕೆಲಸ ನನ್ನದು. ಆದರೆ ಕ್ಲಿಪ್ಪು ನೀನೇ ಕೊಡಬೇಕು. ನಿನ್ನ ಕೈಯಿಂದ ಕ್ಲಿಪ್ಪು ಬರದೆ ನಾನು ಗಾಡಿ ತೆಗೆಯಲ್ಲ. ಸೋಮವಾರ ಅಲ್ಲಿ ಮುದುಕರೆಲ್ಲ ಔಷಧಿ ಇಲ್ಲದೆ ಕೂತಿರ್ತಾರೆ. ನಿನ್ನಿಷ್ಟ."

ಅವನು ಗೊಣಗಿದ. ಆದರೂ ಅವಳ ಮನೆಯ ಕ್ಲಿಪ್ಪನ್ನು ಜೇಬಿಗೆ ಹಾಕಿಕೊಂಡು ಬಂದ. ಶೆಡ್ಡಿನ ಮುಂದೆ ಬಕೆಟ್ಟು ಬೋರಲು ಹಾಕಿ ಕೂತ. ಯೊನ್ನಾ ಜ್ಯಾಕ್ ಏರಿಸಿದಳು, ಸೀಮೆಸುಣ್ಣದ ಅಕ್ಷರ ಓದಿ ಓದಿ ಚಕ್ರ ಕೂರಿಸಿದಳು. ಕೊನೆಗೆ ಸ್ಪ್ಯಾನರ್ ತೆಗೆದುಕೊಂಡಳು. ಅವನು ಕಣ್ಣು ಮುಚ್ಚಿ ಕೇಳಿದ.

ಇಪ್ಪತ್ತು ಟಕ್. ಅವಳು ಬೆವರೊರೆಸಿ ಕೈ ಚಾಚಿದಳು.

ರೈಮೊ ಕ್ಲಿಪ್ಪು ಹೊರತೆಗೆದ. ಅದನ್ನು ತಿರುಗಿಸಿ ನೋಡಿದ. ಅವಳ ಮುಖ ನೋಡಿದ.

"ಬಿಗಿ ಮಾಡಿದೆಯಾ?"

ನಾನು ನನ್ನ ಕಿಟಕಿಯಲ್ಲಿದ್ದೆ, ತೆರೆದಿಟ್ಟಿದ್ದೆ. ಅವಳು ಒಂದು ಗಳಿಗೆ ನಿಂತಳು. ಆಮೇಲೆ ಬಗ್ಗಿ, ಮೊದಲ ಚಕ್ರದಿಂದ ಮತ್ತೆ ಶುರು ಮಾಡಿದಳು. ಈ ಸಲ ಅವಳೇ ಜೋರಾಗಿ ಎಣಿಸಿದಳು. ಏಳರ ಹತ್ತಿರ ಅವನ ತುಟಿಯೂ ಅಲ್ಲಾಡತೊಡಗಿತು. ಹನ್ನೆರಡಕ್ಕೆ ಅವನ ದನಿಯೂ ಸೇರಿತು. ಇಪ್ಪತ್ತು ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಅವನು ಎದ್ದು, ಕಾರಿನೊಳಕ್ಕೆ ಬಾಗಿ, ಕನ್ನಡಿಗೆ ಕ್ಲಿಪ್ಪು ಸಿಕ್ಕಿಸಲು ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು.

"ಯೊನ್ನಾ..."

"ಇನ್ನೊಂದು ಸಲ ನೋಡೋಣ ಅಜ್ಜ," ಅಂದಳು, ಅವನು ಕೇಳುವ ಮುಂಚೆಯೇ. ಸ್ಪ್ಯಾನರ್ ಎತ್ತಿಕೊಂಡಳು.

ಒಲೆಯ ಮೇಲೆ ಕಾಫಿ ಆಗಿ ಎಷ್ಟೋ ಹೊತ್ತಾಗಿತ್ತು. ನಾನು ಕರೆಯಲಿಲ್ಲ.