ರಂಗೋಲಿಯಲ್ಲಿ ಬಾರದ ಕೇರಿ

ಬೆಳಿಗ್ಗೆ ಚಿತ್ರದುರ್ಗದಲ್ಲಿ ಹಿರಿಯೂರಿನ ಬಸ್ಸು ಹತ್ತಿದೆವು: ಮೊಮ್ಮಗಳು ಶಿಲ್ಪಾ, ಅವಳ ವಿದ್ಯಾರ್ಥಿಗಳು, ನಾನು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನನ್ನ ಮೊಮ್ಮಗಳು ಡಿಗ್ರಿ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಮೇಡಂ! ಆಧಾರ್ ನೋಡಿ ಉಚಿತ ಟಿಕೆಟ್ ಹರಿದ ಕಂಡಕ್ಟರ್, "ಆಯ್ತು ಕುಂತ್ಕಳ್ರಿ ಅಜ್ಜಿ, ನೀವು ಇದನ್ನ ಹೇಳ್ತಿರೋದು ಮೂರನೇ ಸಲ" ಎಂದ.

ಹಿರಿಯೂರಿನಲ್ಲಿ ಎಲ್ಲರೂ ಮಂಡಕ್ಕಿ, ಮೆಣಸಿನಕಾಯಿ ತಿಂದರು. ನಾನು ನನ್ನ ಪಾಲನ್ನು ಮಕ್ಕಳಿಗೇ ಕೊಟ್ಟೆ. ನಾವು ಹೊರಟಿದ್ದು ಧರ್ಮಪುರದ ಆಚೆ, ನನ್ನ ತವರೂರಿಗೆ. ಅಪ್ಪ ಅವ್ವ ಹೋದ ಮೇಲೆ ಅತ್ತ ಕಾಲಿಟ್ಟಿರಲಿಲ್ಲ. ಅಲ್ಲಿನ ಗುಡಿ ಬೀದಿಯಲ್ಲಿ ನಮ್ಮವರು ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರು. ಅದೇ ಬೀದಿಯಲ್ಲಿ ಇವಳು ಮೇಲುಕೀಳಿನ ಪಾಠ ಮಾಡುತ್ತಾಳಂತೆ!

"ಬ್ಯಾಡ ಕಣೆ. ಯಾರ ಪೈಕಿ ಅಂತ ಗೊತ್ತಾದ್ರೆ ಮಕ್ಕಳ ಮುಂದೆ ನಿನ್ನ ಮರ್ಯಾದೆ ತೆಗೀತಾರೆ."

"ಪಾಠ ನಾನು ಮಾಡಲ್ಲ ಅಜ್ಜಿ, ಊರೇ ಮಾಡ್ತೈತೆ."

ಧರ್ಮಪುರದಿಂದ ಟೆಂಪೊ. ಶೇಂಗಾ ಹೊಲಗಳ ಮೇಲೆ ಒಣಗಾಳಿ, ಕಣ್ಣಿಗೆಲ್ಲ ಧೂಳು.

ಗುಡಿ ಮುಂದೆ ಕಾಲೇಜು ಮಕ್ಕಳು ರಂಗೋಲಿ ಪುಡಿ ಇಟ್ಟು, "ನಿಮ್ಮೂರನ್ನ ನೆಲದ ಮೇಲೆ ಬರೀರಿ" ಎಂದರು. ಜನ ನಗುತ್ತ ಕೂಡಿದರು. ಗುಡಿ ಬಂತು, ಶಾಲೆ, ಡೈರಿ, ನೀರಿನ ಟ್ಯಾಂಕು ಬಂದವು. ಯಜಮಾನರೊಬ್ಬರ ಎಮ್ಮೆ ಕೊಟ್ಟಿಗೆಯೂ ಬಂತು. ಟ್ಯಾಂಕಿನ ಹತ್ತಿರ ಗೆರೆ ನಿಂತಿತು.

"ಮುಗೀತೇನ್ರಿ?" ಎಂದಳು ಶಿಲ್ಪಾ.

"ಮುಗೀತು ಮೇಡಂ. ನಮ್ಮೂರು ಇಷ್ಟೇ" ಎಂದರು ಕೊಟ್ಟಿಗೆಯ ಯಜಮಾನರು.

ಟ್ಯಾಂಕಿನ ಆಚೆಗೇ ನಮ್ಮ ಕೇರಿ. ನಿಂತಲ್ಲಿಂದಲೇ ಮನೆಗಳು ಕಾಣುತ್ತಿದ್ದವು. ಮಕ್ಕಳೂ ಅತ್ತ ನೋಡಿ ಶಿಲ್ಪಾಳ ಕಡೆ ತಿರುಗಿದರು. ಶಿಲ್ಪಾ ಬಾಯಿ ತೆರೆದರೆ ಬೈಗುಳ ಅವಳಿಗೆ. ಬೈದರೆ ನನ್ನನ್ನೇ ಬೈಯಲಿ ಎಂದು ಮುಂದೆ ಹೋಗಿ ಕುಕ್ಕರಗಾಲಲ್ಲಿ ಕುಳಿತೆ. ಗೆರೆ ಸೊಟ್ಟಾಯಿತು. ಆದರೂ ಟ್ಯಾಂಕಿನ ಆಚೆ ಒಂದಷ್ಟು ಮನೆ, ಒಂದು ಹುಣಸೆಮರ ಬರೆದೆ.

"ನೀನ್ಯಾರವ್ವ?" ಯಜಮಾನರ ದನಿ ಏರಿತು.

"ಈ ಮನೆ ಮಗಳು" ಎಂದು ಮರದ ಪಕ್ಕದ ಗೆರೆ ಮುಟ್ಟಿದೆ.

"ಇವರು ನಮ್ಮಜ್ಜಿ" ಎಂದುಬಿಟ್ಟಳು ಶಿಲ್ಪಾ! ತಡೆಯೋಣವೆಂದು ಕೈ ಎತ್ತಿದೆ, ತಡವಾಗಿತ್ತು.

ಯಜಮಾನರು ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಅದು ಊರೊಳಗೆ ಬರಲ್ಲ" ಎಂದು ಟವೆಲ್ ಕೊಡವಿ ಎದ್ದರು. ನಾನು ಬರೆದದ್ದನ್ನು ತುಳಿಯದೆ ಬಳಸಿಕೊಂಡು ಹೋದರು. ಮರ್ಯಾದೆಗೋ ಮೈಲಿಗೆಗೋ, ತಿಳಿಯಲಿಲ್ಲ.

ವಾಪಸ್ ಬರುವಾಗ ಧರ್ಮಪುರ ದಾಟುವವರೆಗೂ ಯಾರಾದರೂ ಬೆನ್ನು ಹತ್ತಿದರೇನೋ ಎಂದು ತಿರುಗಿ ತಿರುಗಿ ನೋಡಿದೆ. ಬರೀ ಧೂಳು. ಹಿರಿಯೂರಿನಲ್ಲಿ ದುರ್ಗದ ಬಸ್ಸು ಹತ್ತಿದಾಗ ಬೆಳಗಿನ ಕಂಡಕ್ಟರನೇ ಸಿಕ್ಕಿದ.

"ಏನಜ್ಜಿ, ಕೈಯೆಲ್ಲ ಬೆಳ್ಳಗೈತೆ! ಯಾವೂರಿಂದ ಬಂದ್ರಿ?"

ಆಧಾರ್ ಚಾಚಿ ಹೇಳಿದೆ: "ನಮ್ಮೂರಿಂದ."