ಮುಖವಾಡದವನ ಕೊರಳಿಗೆ ಮಲ್ಲಿಗೆ

ಅಥವಾ ಮೊದಲ ವರ್ಷ ಒಂಟೆ ಇರಲೇ ಇಲ್ಲವೋ ಏನೋ. ಶಂಕರಪುರದ ಕ್ರಿಸ್ಮಸ್ ಮೆರವಣಿಗೆ ಎಂದೊಡನೆ ನನಗೆ ಮೊದಲು ಕಾಣುವುದು ಆ ಒಂಟೆ. ಸ್ಕೂಟರಿಗೆ ರಟ್ಟು ಕಟ್ಟಿ ಗೋಣಿ ಹೊದೆಸಿ ಮಾಡಿದ್ದು. ದೂರದಿಂದ ಗಬ್ಬದ ದನದ ಹಾಗಿತ್ತು. ಒಂಟೆ ಬಂದದ್ದು ಮೂರನೆಯ ವರ್ಷ ಎನ್ನುತ್ತಾರೆ ಪಕ್ಕದ ಮನೆಯ ಬಾಯಮ್ಮ. ಹಾಗಾದರೆ ಮೊದಲ ವರ್ಷ ನಾನು ಕಂಡದ್ದೇನು? ಕಿಟಕಿ ಮುಚ್ಚಿದ್ದು ನಿಜ. ನಿಟ್ಟೆಯ ಕಾಲೇಜಿನಿಂದ ತಂದ ಉತ್ತರಪತ್ರಿಕೆಗಳು ಮೇಜಿನ ಮೇಲಿದ್ದವು. ಹೊರಗೆ ಎರಡು ಡೋಲು, ಒಂದು ತುತ್ತೂರಿ, ಮೂರೂ ಬೇರೆ ಬೇರೆ ಹಾಡು.

ನಾನು ಘಟ್ಟದ ಮೇಲಿನವಳು. ಗಂಡ ಕಾಪುವಿನವರು, ಕಾರ್ಕಳದಲ್ಲಿ ಅವರ ಹಾರ್ಡ್‌ವೇರ್ ಅಂಗಡಿ. ಶಂಕರಪುರದ ಬಾಡಿಗೆ ಮನೆಗೆ ಬಂದಾಗ ಇಲ್ಲಿ ನನಗೆ ಯಾರೂ ಗೊತ್ತಿರಲಿಲ್ಲ. ಗೇಟಿಗೆ ನನ್ನನ್ನು ಎಳೆದದ್ದು ಬಾಯಮ್ಮ. "ಟೀಚರೇ, ಪೇಪರ್ ಓಡಿ ಹೋಗುವುದಿಲ್ಲ. ಸಾಂತಾ ಹೋಗ್ತಾನೆ," ಎಂದು ಕೈಯಲ್ಲಿ ಒಂದು ಗೇಣು ಮಲ್ಲಿಗೆ ಇಟ್ಟರು.

ಹಬ್ಬದ ಹಿಂದಿನ ಭಾನುವಾರ, ನಾಲ್ಕು ಗಂಟೆಯ ಬಿಸಿಲು. ಟೆಂಪೋದ ಮೇಲೆ ಬಿದಿರಿನ ನಕ್ಷತ್ರ, ಬಾಲಯೇಸು ಮಲಗಿದ ಹುಲ್ಲಿನ ಗೋದಲಿ, ಬಾಗಿಲಿನ ಪರದೆ ಹೊದ್ದ ಮೂವರು ರಾಜರು. ಎಲ್ಲರಿಗಿಂತ ಹಿಂದೆ ಕೆಂಪು ಅಂಗಿಯ, ಮುಖವಾಡದ ಸಾಂತಾ ಕ್ಲಾಸ್. ಅವನು ಮಾತಾಡುವುದಿಲ್ಲ. ಒಳಗಿರುವವನು ಯಾರೆಂದು ಅವನ ಮನೆಗೂ ಹೇಳುವುದಿಲ್ಲ. ಅದು ಇಲ್ಲಿನ ಕಟ್ಟು. ಯಾವ ಜಾತಿಯವರ ಮನೆಯಾದರೂ ಗೇಟಿನಲ್ಲಿ ನಿಲ್ಲುತ್ತಾನೆ, ಮನೆಯವರು ಒಂದು ತುಂಡು ಮಲ್ಲಿಗೆ ಕೊಡಬೇಕು. ಚಳಿಗೆ ಗಿಡಗಳು ಮೊಗ್ಗು ಬಿಡಲು ಹಿಂಜರಿಯುವ ತಿಂಗಳು, ಒಂದು ಗೇಣೂ ಸಣ್ಣದಲ್ಲ. ಅವನು ಕೈಯಲ್ಲಿ ತೆಗೆದುಕೊಳ್ಳುವುದಿಲ್ಲ, ತಲೆ ಬಾಗಿಸುತ್ತಾನೆ. ಕೊರಳ ಸುತ್ತ ತಂದು ನಾವೇ ಗಂಟು ಹಾಕಬೇಕು.

ನನಗೆ ಪ್ರೀತಿ ಹುಟ್ಟಿದ್ದು ಆ ಬಾಗಿದ ತಲೆಯಿಂದ ಇರಬೇಕು. ಆಮೇಲೆ ನಾನೂ ಪರದೆ ಹೊಲಿದೆ, ನಕ್ಷತ್ರಕ್ಕೆ ಕಾಗದ ಅಂಟಿಸಿದೆ.

ಗಂಡ ಮಾತ್ರ ಒಮ್ಮೆಯೂ ನೋಡಲಿಲ್ಲ. ಆ ಭಾನುವಾರವೇ ಅವರಿಗೆ ಅಂಗಡಿಯ ಸ್ಟಾಕ್ ನೋಡುವ ಕೆಲಸ. ಕತ್ತಲಾಗುವ ಹೊತ್ತಿಗೆ ಬಂದು ಕೇಳುತ್ತಿದ್ದರು, "ಒಂಟೆ ಈ ಸಲ ಕರು ಹಾಕಿತಾ?"

ಗಬ್ಬದ ದನದ ಮಾತು ನಾನು ಅವರಿಗೆ ಹೇಳಿದ್ದೆನೇ? ಹೇಳಿದ್ದೇನೆ ಎಂದೇ ಬಹಳ ಕಾಲ ನಂಬಿದ್ದೆ.

ಅವರು ತೀರಿಕೊಂಡದ್ದು ಒಂದು ಆಷಾಢದಲ್ಲಿ, ಅಂಗಡಿಯಲ್ಲೇ, ಎದೆನೋವು. ಅವರ ಸ್ಕೂಟರನ್ನು ಮಾರುವ ಮೊದಲು ಸೀಟಿನ ಅಡಿ ನೋಡಿದೆ. ಚಿಂದಿ ಬಟ್ಟೆ, ಸ್ಪ್ಯಾನರ್, ಒಣಗಿದ ಗೋಂದು ಹಿಡಿದ ಒಂದು ಹಿಡಿ ಹತ್ತಿ. ಸಾಂತಾನ ಗಡ್ಡಕ್ಕೆ ನಾವು ಅಂಟಿಸುವಂಥ ಹತ್ತಿ. ಹಾರ್ಡ್‌ವೇರ್ ಅಂಗಡಿಯವರ ಸ್ಕೂಟರಿನಲ್ಲಿ ಹತ್ತಿಗೂ ಗೋಂದಿಗೂ ಸಾವಿರ ಕಾರಣ ಇರಬಹುದು. ಆದರೂ ಅದನ್ನು ಎಸೆಯಲಿಲ್ಲ. ವೇಷದ ಒಳಗಿದ್ದದ್ದು ಅವರೇ ಆಗಿದ್ದರೆ, ಅಷ್ಟೂ ಭಾನುವಾರ ಅವರು ನನ್ನ ಎದುರೇ ಇದ್ದರು. ಗೇಟಿನಲ್ಲಿ ನಾನು ಒಬ್ಬಳೇ ನಿಂತಿರಲಿಲ್ಲ.

ಡಿಸೆಂಬರಿನಲ್ಲಿ ಸಾಂತಾ ಮತ್ತೆ ಬಂದ. ಅದೇ ಗೇಟು, ಅದೇ ಬಾಗುವಿಕೆ, ತಲೆ ಸ್ವಲ್ಪ ಎಡಕ್ಕೆ. ಗಂಟು ಹಾಕುವಾಗ ಬೆರಳಿಗೆ ಬೆವರು ತಾಗಿತು, ಬೆಚ್ಚಗಿತ್ತು. ಹಿಂದಿನ ವರ್ಷಗಳಲ್ಲಿ ಅವನ ಕಣ್ಣು ನೋಡಿದ್ದೆ ಎಂದು ನೆನಪು. ಆದರೆ ಮುಖವಾಡದ ಕಣ್ಣಿಗೆ ಕಪ್ಪು ಬಲೆ ಉಂಟು, ನೋಡಿರಲು ಸಾಧ್ಯವಿಲ್ಲ. ಅವನು ಮುಂದಿನ ಗೇಟಿಗೆ ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ.

ಮರುದಿನ ಬಾಯಮ್ಮನ ಜಗಲಿಗೆ ಹೋದೆ. ಅವರು ಬಾಳೆನಾರು ಹಿಡಿದು ಹೂ ಕಟ್ಟುತ್ತಿದ್ದರು.

"ಇವರು ವೇಷ ಹಾಕ್ತಿದ್ದರಾ ಬಾಯಮ್ಮ?"

"ಅದು ಹೇಳಲಿಕ್ಕಿಲ್ಲ ಟೀಚರೇ."

"ಸತ್ತವರದ್ದೂ?"

"ಸತ್ತವರದ್ದು ಮೊದಲೇ ಹೇಳಲಿಕ್ಕಿಲ್ಲ. ಬದುಕಿದ್ದವನಾದರೆ ಬಂದು ಸುಳ್ಳು ಅಂತ ಜಗಳವಾದರೂ ಮಾಡಬಹುದು, ಅಲ್ವಾ." ನಾರಿನ ತುದಿ ಕಚ್ಚಿ ತುಂಡು ಮಾಡಿದರು. "ನಮ್ಮವರ ಮೇಲೆ ನನಗೆ ಎಷ್ಟೋ ವರ್ಷದಿಂದ ಸಂಶಯ. ಕೇಳಿದರೆ, ಇವತ್ತು ಮೀನು ಲಾಯ್ಕ್ ಆಗಿದೆ ಅಂತಾರೆ. ಗೊತ್ತಾದರೆ ನೀವು ಎಂತ ಮಾಡ್ತೀರಿ?"

ಬಾಯಮ್ಮನಿಗೆ ಗೊತ್ತಿದೆಯೋ, ಅವರೂ ನನ್ನ ಹಾಗೆಯೋ, ಮುಖದಲ್ಲಿ ಕಾಣಲಿಲ್ಲ.

ಫೋನಿನಲ್ಲಿ ನಾಲ್ಕು ವರ್ಷಗಳ ವಿಡಿಯೋ ಇದೆ. ಡೋಲು, ಒಂಟೆ, ರಾಜರು, ದೂರದಲ್ಲಿ ಕೆಂಪು ಅಂಗಿ. ಅವನು ಗೇಟಿಗೆ ಬಂದಾಗ ನಾಲ್ಕರಲ್ಲೂ ಫೋನು ಕಾಂಪೌಂಡ್ ಗೋಡೆಯ ಮೇಲೆ ಮಲಗುತ್ತದೆ, ಆಕಾಶ ಮಾತ್ರ ಕಾಣುತ್ತದೆ, ಏಕೆಂದರೆ ಹೂವಿನ ಗಂಟು ಹಾಕಲು ನನಗೆ ಎರಡೂ ಕೈ ಬೇಕು. ಅವರು ಬದುಕಿದ್ದಾಗಿನ ಕೊನೆಯ ಮೆರವಣಿಗೆಯದ್ದರಲ್ಲಿ, ಆಕಾಶ ಕಾಣುವಾಗ, ಯಾರೋ ಒಮ್ಮೆ ಮೆಲ್ಲಗೆ ಕೆಮ್ಮುತ್ತಾರೆ. ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೆಲವು ದಿನ ಅದು ಅವರದ್ದೇ. ಕೆಲವು ದಿನ ತುತ್ತೂರಿಯವನದ್ದು.

ಅದು ಯಾರ ಕೆಮ್ಮು ಎಂದು ನನಗೆ ಗೊತ್ತಿಲ್ಲ.