ಟಿವಿಯಲ್ಲಿ ಏರಿದ ನೀರು

ಮಣಿಕೊಂಡದಲ್ಲಿ ಎತ್ತ ನೋಡಿದರೂ ಐಟಿ ಕಂಪನಿಗಳ ಕಟ್ಟಡ ಏಳುತ್ತಿದ್ದ ಕಾಲ. ಒಂದು ಬೆಳಿಗ್ಗೆ ತುಸು ಮಳೆ ಬಂದು ನಮ್ಮ ಆಫೀಸಿನ ಎದುರಿನ ಗುಂಡಿ ತುಂಬಿತು. ಟಿವಿಯವರು ಬಂದು, ಗಾರೆ ಕೆಲಸದ ರಾಯಚೂರಿನ ಶರಣಪ್ಪನನ್ನು ಅದರಲ್ಲಿ ಕುಕ್ಕರಗಾಲಿನಲ್ಲಿ ಕೂರಿಸಿ, ಕೈ ಮೇಲೆತ್ತಿಸಿ ಚಿತ್ರ ತೆಗೆದರು. ನಾನು ನಿಂತು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

ಮಧ್ಯಾಹ್ನ ಇಬ್ಬರೂ ಪಕ್ಕದ ಇರಾನಿ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆವು. ಟಿವಿಯಲ್ಲಿ ‘ಮಣಿಕೊಂಡ ಮುಳುಗಡೆ’ ಎಂದು ಅದೇ ಚಿತ್ರ ಮತ್ತೆ ಮತ್ತೆ ಬರುತ್ತಿತ್ತು. ಎದೆಮಟ್ಟದ ನೀರಿನಲ್ಲಿ ಶರಣಪ್ಪ!

ಅವನ ಮುಖ ಬಾಡಿತು. “ಭಾಳ ನೀರು ಬಂದೈತಲ್ರಿ ಸರ!”

“ಏ ಮಾರಾಯ, ಅದು ನೀನೇ. ಕೂತಿದ್ದೆಯಲ್ಲ!”

“ಅದು ಮುಂಜಾನಿ ಮಾತು ಬಿಡ್ರಿ. ಈಗ ಏರೈತಿ. ಲೈವ್ ಅಂತ ಹಾಕ್ಯಾರ, ನೋಡ್ರಿ.”

“ಹಾಗಾದರೆ ನೀನು ಇಲ್ಲಿ ಹೇಗೆ ಇದ್ದೀಯ?”

ಶರಣಪ್ಪ ಸ್ವಲ್ಪ ಯೋಚಿಸಿ ಕೈ ಮುಗಿದ. “ದೇವ್ರು ದೊಡ್ಡಾಂವ್ರಿ. ಪಾರಾಗಿ ಬಂದೀನಿ.”

ಅಷ್ಟರಲ್ಲಿ ಹೋಟೆಲಿನವನು ಸಕ್ಕರೆ ಮೂಟೆಯನ್ನು ಅಟ್ಟಕ್ಕೇರಿಸತೊಡಗಿದ. ಇವರಿಗೆಲ್ಲ ತಲೆ ಕೆಟ್ಟಿದೆ ಎಂದುಕೊಂಡು ಹೊರಟೆ. ರಸ್ತೆಯಲ್ಲಿ ಧೂಳೇಳುತ್ತಿತ್ತು. ಆಫೀಸಿನ ಗೇಟಿನಲ್ಲಿ ವಾಚ್‌ಮನ್ “ಕ್ಯಾ ಹುವಾ ಸಾಬ್?” ಎಂದು ನನ್ನ ಕೈ ನೋಡಿದ.

ಷೂ ಎರಡೂ ಬಿಚ್ಚಿ ಹಿಡಿದುಕೊಂಡಿದ್ದೆ. ಪ್ಯಾಂಟನ್ನೂ ಮೊಣಕಾಲಿನವರೆಗೆ ಮಡಚಿದ್ದೆ.